ಹದಿನಾಲ್ಕನೇ ಮನೆಯ ಮುಂದೆ ನಿಲ್ಲುವ ಮೆರವಣಿಗೆ

ಆಗಸ್ಟ್ 18, 2025, ಸೋಮವಾರ. ಮೆಲಾಕಾ, ಮಲೇಷ್ಯಾ

ಮೊನ್ನೆ ಶನಿವಾರ, ಆಗಸ್ಟ್ ಹದಿನಾರರಂದು, ಇಲ್ಲಿನ ಲಿಂಡೆನ್ ಜರ್ಮನ್ ಶಾಲೆ ತನ್ನ ಐವತ್ತು ವರ್ಷಗಳ ಇತಿಹಾಸವನ್ನು ಪುಸ್ತಕ ಮಾಡಿ ಹಂಚಿತು. ಆ ಪುಸ್ತಕದಲ್ಲಿ ಮೂರು ವರ್ಷಗಳನ್ನು ಕದ್ದಿತು. ಕದ್ದಿತು ಎಂದೇ ಬರೆಯುತ್ತೇನೆ. ಮರೆಯಿತು ಎಂದರೆ ಅವರಿಗೆ ಮರ್ಯಾದೆ ಕೊಟ್ಟಂತಾಗುತ್ತದೆ.

ನಲವತ್ತೊಂದನೇ ಪುಟ. 'ಆರ್ಥಿಕ ಕುಸಿತದಿಂದಾಗಿ ಜೂನ್ 1998ರಲ್ಲಿ ಎಲ್ಲ ಕುಟುಂಬಗಳೂ ತಾಯ್ನಾಡಿಗೆ ಮರಳಿದವು. ಶಾಲೆ ಮುಚ್ಚಿತು. ಸೆಪ್ಟೆಂಬರ್ 2001ರಲ್ಲಿ ಹೊಸ ಶಾಲೆ ಹುಟ್ಟಿತು.' ಇಷ್ಟೇ. ಎದುರು ಪುಟದ ತುಂಬ ಈಜುಕೊಳದ ಬಣ್ಣದ ಚಿತ್ರ.

ಶಾಲೆ ಮುಚ್ಚಿರಲಿಲ್ಲ. ನಾನು ಕಣ್ಣಾರೆ ಕಂಡವನು. 1997ರಲ್ಲಿ ಇಲ್ಲಿನ ವೈದ್ಯಕೀಯ ಕಾಲೇಜಿಗೆ ಅಂಗರಚನಾಶಾಸ್ತ್ರ ಕಲಿಸಲು ಬಂದೆ. ನನ್ನ ಹೆಂಡತಿ ಬೆಂಗಳೂರಿನಲ್ಲಿ ಜರ್ಮನ್ ಓದಿದವಳು. ಅವಳಿಗೆ ಲಿಂಡೆನ್ ಶಾಲೆಯ ಶಿಶುವಿಹಾರದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಮರುವರ್ಷವೇ ಕುಸಿತ. ಶಾಲೆಯನ್ನು ಸಾಕುತ್ತಿದ್ದ ಕಾರ್ಖಾನೆ ತನ್ನ ಎಂಜಿನಿಯರುಗಳನ್ನು ವಾಪಸು ಕರೆಸಿಕೊಂಡಿತು. ಮೇಷ್ಟರುಗಳು ಹೋದರು, ಬಾಡಿಗೆಯ ಕಟ್ಟಡವೂ ಹೋಯಿತು. ಹೋಗದೆ ಉಳಿದವರು ಏಳು ಮಕ್ಕಳು. ಅವರ ಅಮ್ಮಂದಿರು ಇದೇ ಊರಿನವರು, ಹೆಚ್ಚಿನವರು ಚೀನೀಯರು, ಇಬ್ಬರು ತಮಿಳರು. ಅಪ್ಪಂದಿರಲ್ಲಿ ಕೆಲವರಿಗೆ ಕೆಲಸ ಹೋಗಿತ್ತು. ಕೆಲವು ಮನೆಗಳಲ್ಲಿ ಅಪ್ಪನೇ ಹೋಗಿದ್ದ.

ಒಂದು ಬೆಳಿಗ್ಗೆ ಆ ಅಮ್ಮಂದಿರು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಬೇರೆ ಶಾಲೆ ಸಿಗುವ ತನಕ ಮಕ್ಕಳನ್ನು ನೋಡಿಕೊಳ್ಳಿ ಎಂದರು. ಬೇರೆ ಶಾಲೆ ಮೂರು ವರ್ಷ ಸಿಗಲಿಲ್ಲ. ನಮ್ಮ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಲಿಂಡೆನ್ ಶಾಲೆ ನಡೆಯಿತು, ನನ್ನ ಕಾರು ಬಿಸಿಲಲ್ಲಿ ನಿಂತಿತು. ಕಾಲೇಜು ಎಸೆದಿದ್ದ ಸ್ನಾಯುಗಳ ಪಟವನ್ನು ನಾನೇ ತಂದು ಗೋಡೆಗೆ ಹೊಡೆದೆ. ಚರ್ಮ ಸುಲಿದ ಆ ಮನುಷ್ಯನನ್ನು ನೋಡಿಕೊಂಡೇ ಮಕ್ಕಳು ಭುಜ, ಮೊಣಕಾಲು ಎಂದು ಜರ್ಮನ್ನಿನಲ್ಲಿ ಕಲಿತರು. ಜರ್ಮನಿಯಿಂದ ಅಂಚೆಯಲ್ಲಿ ಪಾಠ ಬರುತ್ತಿತ್ತು, ಬರೆದ ಉತ್ತರ ಅಂಚೆಯಲ್ಲೇ ಹೋಗುತ್ತಿತ್ತು. 2001ರಲ್ಲಿ ಹೊಸ ಕಾರ್ಖಾನೆ ಬಂತು, ಹೊಸ ನಿರ್ದೇಶಕರು ಬಂದರು. ಹೊಸ ಶಾಲೆಯ ಮೊದಲ ಮಕ್ಕಳು ಅಂತ ತಗೊಂಡಿದ್ದು ಇದೇ ಏಳು ಜನರನ್ನು. ನನ್ನ ಹೆಂಡತಿ ಮತ್ತೆ ಸಹಾಯಕಿಯಾದಳು. ಹನ್ನೊಂದು ವರ್ಷದ ಹಿಂದೆ ಸಹಾಯಕಿಯಾಗಿಯೇ ನಿವೃತ್ತಳಾದಳು.

ನಲವತ್ತೊಂದನೇ ಪುಟ ತಿದ್ದಬೇಕು. ನನ್ನ ಹೆಂಡತಿಯ ಹೆಸರು ಬರಬೇಕು, ನಮ್ಮ ಮನೆಯ ವಿಳಾಸ ಬರಬೇಕು. ಶಾಲೆಯ ಗೋಡೆಯ ಮೇಲೆ ಒಂದು ಫಲಕವನ್ನೂ ಕೇಳುತ್ತೇನೆ. ಇಂದೇ ಪತ್ರ ಬರೆದೆ, ನಾಲ್ಕು ಪುಟ.

ಆಗಸ್ಟ್ 19

ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ಕೇಳಿದಳೋ ಇಲ್ಲವೋ ಗೊತ್ತಿಲ್ಲ. ಹೋದ ವಾರ ಮಾರ್ಕೆಟ್ಟಿನ ಒದ್ದೆ ನೆಲದಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದಾಳೆ, ಪ್ಲಾಸ್ಟರ್ ಹಾಕಿದೆ. ಮೂರನೇ ಪುಟದಲ್ಲಿದ್ದಾಗ, "ರೀ, ಒಂಚೂರು ತೆಂಗಿನಕಾಯಿ ತುರಿದು ಕೊಡ್ತೀರಾ" ಎಂದಳು. ಇತಿಹಾಸ ಬೇರೆ, ತೆಂಗಿನಕಾಯಿ ಬೇರೆ ಎಂದೆ. ತುರಿದು ಕೊಟ್ಟೆ. ಕರಟದ ಕಂದು ಸಿಪ್ಪೆಯೂ ಬಿತ್ತಂತೆ.

ಆಗಸ್ಟ್ 24, ಭಾನುವಾರ

ಬೆಳಿಗ್ಗೆ ಮಾಮಕ್ ಅಂಗಡಿಯಲ್ಲಿ, ಎಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ನರಹರಿ ಸಿಕ್ಕ. ಉಡುಪಿ ಕಡೆಯವನು, ನನ್ನ ಜೊತೆಗೇ ಕಾಲೇಜಿಗೆ ಬಂದು ಔಷಧಶಾಸ್ತ್ರ ಕಲಿಸಿ ನನ್ನ ಜೊತೆಗೇ ನಿವೃತ್ತನಾದವನು. ಪುಸ್ತಕ ತೋರಿಸಿದೆ. ಅವನು ಈಜುಕೊಳ ನೋಡಿದ.

"ಒಳ್ಳೆ ನೀರುಂಟು" ಎಂದ.

"ಬಲಗಡೆ ಪುಟ ನೋಡೋ."

ಓದಿದ. ರೊಟ್ಟಿಯನ್ನು ಸಾರಿನಲ್ಲಿ ಅದ್ದಿದ. "ಅಲ್ಲ ಮಾರಾಯ, ಇದು ವಾಸಂತಿಯಕ್ಕನ ಶಾಲೆ. ಅವರಿಗೆ ಸಿಟ್ಟು ಬಂದಿದೆಯಾ?"

"ಅವಳಿಗೆ ಸಿಟ್ಟು ಬರೋದಿಲ್ಲ. ಅದಕ್ಕೇ ಎಲ್ಲರೂ ಹೀಗೆ ಮಾಡೋದು."

"ಹಾಗಾದ್ರೆ ಅವರ ಪಾಲಿನ ಸಿಟ್ಟೂ ನೀನೇ ಮಾಡ್ತಿದ್ದೀಯಾ? ಡಬಲ್ ಡ್ಯೂಟಿ. ಬಿ.ಪಿ. ಮಾತ್ರೆ ತಗೊಂಡಿದ್ದೀಯಲ್ಲ?"

ಈ ಊರಿನ ಕೋಟೆಯ ಕಥೆ ಹೇಳಿದೆ. ಪೋರ್ಚುಗೀಸರು ಕಟ್ಟಿದರು, ಡಚ್ಚರು ತಮ್ಮ ಲಾಂಛನ ಕೆತ್ತಿಕೊಂಡರು, ಇಂಗ್ಲಿಷರು ಒಡೆದು ಹಾಕಿದರು, ಉಳಿದದ್ದು ಒಂದು ಬಾಗಿಲು. ಬಂದವರೆಲ್ಲ ತಮಗಿಂತ ಮುಂಚೆ ಇಲ್ಲಿ ಏನೂ ಇರಲಿಲ್ಲ ಎಂದೇ ಬರೆದುಕೊಳ್ಳುತ್ತಾರೆ ಎಂದೆ. ನರಹರಿ ಎದ್ದು ಮನೆಗೆ ಎರಡು ರೊಟ್ಟಿ ತಪಾವ್, ಎಂದರೆ ಪಾರ್ಸೆಲ್, ಮಾಡಿಸಿಕೊಂಡ. ಹೋಗುತ್ತಾ, "ನಿನ್ನತ್ರ ಬಾಗಿಲುಂಟಾ?" ಎಂದು ಕೇಳಿದ. ಅರ್ಥವಾಗಲಿಲ್ಲ. ಸಾಕ್ಷಿ ಉಂಟಾ ಎಂದು ಕೇಳಿದ್ದಂತೆ. ಅಂಚೆಯ ಪಾಠಗಳೆಲ್ಲ ಗೆದ್ದಲು ಹತ್ತಿ ಯಾವಾಗಲೋ ಹೋದವು. ಸ್ನಾಯುಗಳ ಪಟವೂ ಇಲ್ಲ. ನನ್ನ ನೆನಪೇ ಸಾಕ್ಷಿ ಎಂದೆ. ಅವನು ತಲೆಯಾಡಿಸಿದ ರೀತಿ ನನಗೆ ಹಿಡಿಸಲಿಲ್ಲ.

ಸೆಪ್ಟೆಂಬರ್ 2

ಉತ್ತರ ಬಂತು. 'ನಮ್ಮ ಶಾಲೆಯ ಬಗೆಗಿನ ನಿಮ್ಮ ಆಸಕ್ತಿಗೆ ಧನ್ಯವಾದ. ನಿಮ್ಮ ನೆನಪುಗಳು ಅಮೂಲ್ಯ.' ಕೆಳಗೆ ನಿರ್ದೇಶಕಿಯ ಸಹಿ. ಈಕೆ ಹೋದ ವರ್ಷ ಬಂದವಳು, ಇನ್ನೆರಡು ವರ್ಷದಲ್ಲಿ ಹೋಗುವವಳು. ಈ ಶಾಲೆಯ ರೋಗವೇ ಇದು. ಮೂರು ವರ್ಷಕ್ಕೊಮ್ಮೆ ತಲೆ ಬದಲಾಗುತ್ತದೆ, ನೆನಪು ಎಲ್ಲಿ ನಿಲ್ಲಬೇಕು.

ಪೆಟಾಲಿಂಗ್ ಜಯಾದಿಂದ ಮಗಳು ಮಾನಸ ಫೋನ್ ಮಾಡಿದ್ದಳು. ಇಲ್ಲೇ ಬೆಳೆದವಳು, ಮಾತಿನ ಕೊನೆಗೆ ಈ ದೇಶದವರ 'ಲಾ' ಸೇರಿಸುತ್ತಾಳೆ. "ಅಪ್ಪಾ, ಬಿಡಿ ಲಾ. ಯಾರು ಓದ್ತಾರೆ ಆ ಬುಕ್‌ನ?"

"ಯಾರೂ ಓದದೇ ಇರೋದೇ ಅಪಾಯ. ನಾಳೆ ಅದೇ ಸತ್ಯ ಆಗುತ್ತೆ."

"ಅಮ್ಮನ ಕೈ ಹೇಗಿದೆ?"

ಹೆಂಡತಿಗೆ ಫೋನ್ ಕೊಟ್ಟೆ. ಅವರಿಬ್ಬರೂ ಬಹಳ ಹೊತ್ತು ನಕ್ಕರು. ಏನಕ್ಕೆ ಎಂದು ಕೇಳಿದೆ. ನಾನು ಮಾಡಿದ ಸಾರಿನ ವಿಚಾರವಂತೆ.

ಸೆಪ್ಟೆಂಬರ್ 3

ಎರಡನೇ ಪತ್ರ. ಆರು ಪುಟ.

ಸೆಪ್ಟೆಂಬರ್ 14, ಭಾನುವಾರ

ಶಾಲೆಯಿಂದ ಬೀದಿಯ ಮನೆಗಳಿಗೆಲ್ಲ ಒಂದು ಸುತ್ತೋಲೆ. ಈ ವರ್ಷ ಗೂಡುದೀಪದ ಮೆರವಣಿಗೆ ರಸ್ತೆಗೆ ಬರುವುದಿಲ್ಲ, ಸುರಕ್ಷತೆಯ ದೃಷ್ಟಿಯಿಂದ ಶಾಲೆಯ ಮೈದಾನದಲ್ಲೇ ನಡೆಯುತ್ತದೆ, ನೆರೆಯವರ ಸಹಕಾರಕ್ಕೆ ವಂದನೆ.

ನನಗೆ ಆ ಮೆರವಣಿಗೆ ಹೋದರೆ ಹೋಗಲಿ. ಪ್ರತಿ ವರ್ಷ ಸಂಜೆ ನಮ್ಮ ಗೇಟಿನ ಮುಂದೆಯೇ ಗದ್ದಲ. ಹೆಂಡತಿ ದೀಪ ಹಿಡಿದು ಗೇಟಿನಲ್ಲಿ ನಿಂತು ಕೋಡುಬಳೆ ಹಂಚುತ್ತಾಳೆ, ನಾನು ಒಳಗೆ ಟಿ.ವಿ. ದನಿ ಏರಿಸಿಕೊಂಡು ಕೂರುತ್ತೇನೆ. ಆದರೆ ಹೆಂಡತಿ ಸುತ್ತೋಲೆಯನ್ನು ಎಡಗೈಯಲ್ಲಿ ಹಿಡಿದು ಎರಡು ಸಲ ಓದಿದಳು. ಮಧ್ಯಾಹ್ನ ಊಟ ಮಾಡಲಿಲ್ಲ. ಆಗ ಯೋಚಿಸಿದೆ. ಯೋಚಿಸಿದಷ್ಟೂ ಮೈ ಉರಿಯಿತು.

ಜರ್ಮನರಲ್ಲಿ ಈ ಹಬ್ಬ ನವೆಂಬರಿನಲ್ಲಿ. ಮಕ್ಕಳು ಕಾಗದದ ದೀಪ ಹಿಡಿದು ಹಾಡುತ್ತಾ ನಡೆಯುತ್ತಾರೆ, ಕೊನೆಗೆ ಬ್ರೆಟ್ಸೆಲ್ ಎಂಬ ಬಳೆಯಂಥ ಬ್ರೆಡ್ ಹಂಚುತ್ತಾರೆ. ಲಿಂಡೆನ್ ಶಾಲೆಯಲ್ಲಿ ಮಾತ್ರ ಅದು ಅಕ್ಟೋಬರಿನ ಸುಮಾರಿಗೆ, ಚೀನೀಯರ ದೀಪದ ಹಬ್ಬ ಮುಗಿದ ಮೇಲಿನ ಶುಕ್ರವಾರ. 'ಹವಾಮಾನದ ಕಾರಣ 2001ರಲ್ಲಿ ಸಮಿತಿ ಕೈಗೊಂಡ ತೀರ್ಮಾನ' ಎನ್ನುತ್ತದೆ ಪುಸ್ತಕ. ಯಾವ ಸಮಿತಿ? 1998ರಲ್ಲಿ ನನ್ನ ಹೆಂಡತಿಯ ಹತ್ತಿರ ದೀಪಕ್ಕೆ ಕಾಸಿರಲಿಲ್ಲ. ಹಬ್ಬ ಮುಗಿದ ಮೇಲೆ ಚೀನೀ ಅಂಗಡಿಯವರು ಉಳಿದ ದೀಪಗಳನ್ನು ಅರ್ಧ ಬೆಲೆಗೆ ಮಾರುತ್ತಾರೆ, ಆಗ ಕೊಂಡಳು. ಬಳೆ ಬ್ರೆಡ್ ಮಾಡುವ ಬೇಕರಿ ಇರಲಿಲ್ಲ, ಕೋಡುಬಳೆ ಕರಿದಳು. ಅದೂ ಪುಸ್ತಕದಲ್ಲಿದೆ, ಚಿತ್ರ ಸಮೇತ: 'ಮೆಲಾಕಾ ಬ್ರೆಟ್ಸೆಲ್, ನಮ್ಮ ಶಾಲೆಯ ವಿಶಿಷ್ಟ ಖಾರದ ತಿನಿಸು.'

ಇನ್ನು ದಾರಿ. 2001ರಲ್ಲಿ ಹೊಸ ಕಟ್ಟಡದಿಂದ ಮೊದಲ ಮೆರವಣಿಗೆ ಹೊರಟಿತು. ಹಾಡು ಗೊತ್ತಿದ್ದವರು ಹಳೆಯ ಏಳು ಮಕ್ಕಳೇ, ಅವರನ್ನು ಮುಂದೆ ಬಿಟ್ಟರು. ಅವರು ನೆಟ್ಟಗೆ ಚರ್ಚಿನ ಕಡೆಗೆ ಹೋಗಬೇಕಿತ್ತು. ಕಾಲಿಗೆ ಅಭ್ಯಾಸವಾದ ದಾರಿಯಲ್ಲಿ ತಿರುಗಿ ನಮ್ಮ ಬೀದಿಗೆ ಬಂದರು, ಹದಿನಾಲ್ಕನೇ ನಂಬರಿನ ನಮ್ಮ ಗೇಟಿನ ಮುಂದೆ ನಿಂತರು. ಹಿಂದಿನವರೂ ನಿಂತರು. ಹೊಸ ನಿರ್ದೇಶಕರು ಇದು ಇಲ್ಲಿನ ಪದ್ಧತಿ ಇರಬೇಕು ಎಂದುಕೊಂಡರು. ಮರುವರ್ಷವೂ ನಿಂತರು. ಅಂದಿನಿಂದ ನಿಲ್ಲುತ್ತಲೇ ಇದ್ದಾರೆ, ಏಕೆ ಎಂದು ಒಬ್ಬರಿಗೂ ಗೊತ್ತಿಲ್ಲ. ಪುಸ್ತಕ ಹೇಳುವುದು, 'ಅಲ್ಲಿ ರಸ್ತೆ ಅಗಲವಾಗಿದೆ.' ನಾನು ಹೋಗಿ ನೋಡಿಬಂದೆ. ಅಗಲ ಎಲ್ಲ ಕಡೆಯೂ ಒಂದೇ.

ನರಹರಿ ಕೇಳಿದ ಬಾಗಿಲು ಇದು. ಅದನ್ನೂ ಮುಚ್ಚುತ್ತಿದ್ದಾರೆ.

ಸೆಪ್ಟೆಂಬರ್ 27, ಶನಿವಾರ

ಸಂಜೆ ಆಡಳಿತ ಮಂಡಳಿಯ ಅಧ್ಯಕ್ಷ ಬಂದಿದ್ದ. ನನ್ನ ಪತ್ರಗಳ ಫಲ. ಹೆಸರು ಆಂಡ್ರಿಯಾಸ್ ತಾನ್. ಏಳು ಮಕ್ಕಳಲ್ಲಿ ಒಬ್ಬ. ನಮ್ಮ ಕಾರಿನ ಜಾಗದಲ್ಲಿ ಚಡ್ಡಿ ಹಾಕಿಕೊಂಡು ಗುಣಾಕಾರ ಕಲಿತವನು. ಈಗ ತಲೆ ನರೆಯುತ್ತಿದೆ, ದೊಡ್ಡ ಕಾರು. ಆ ಪುಸ್ತಕದ ಮುನ್ನುಡಿಯ ಕೆಳಗಿನ ಸಹಿ ಇವನದೇ. ನಾನು ಮಾತಾಡಿಸಬಾರದು ಎಂದುಕೊಂಡಿದ್ದೆ. ಚಪ್ಪಲಿ ಬಿಟ್ಟು, ಬಾಗಿ, ಹೆಂಡತಿಯ ಪ್ಲಾಸ್ಟರನ್ನು ಮುಟ್ಟಿ ನೋಡಿ, "ಫ್ರಾವ್ ವಾಸಂತಿ, ಏನಾಯಿತು?" ಎಂದು ಕೇಳಿದ. ಫ್ರಾವ್ ಎಂದರೆ ಜರ್ಮನ್ನಿನ ಶ್ರೀಮತಿ. ಅವರಿಬ್ಬರೂ ಜರ್ಮನ್ನಿನಲ್ಲಿ ಹರಟಿದರು. ನಾನು ಕಾದೆ. ಕೊನೆಗೆ ಇಂಗ್ಲಿಷಿಗೆ ಬಾ ಎಂದೆ.

"ಅಂಕಲ್, ನಾನು ಸುಳ್ಳು ಬರೆದೆ ಅಂತ ನಿಮಗೆ ಕೋಪ. ನನಗೆ ಗೊತ್ತು ಲಾ."

"ಕಾರಣ ಹೇಳು."

ಹೇಳಿದ. 2001ರಲ್ಲಿ ಶಾಲೆಯ ನೋಂದಣಿ ಆಗಿದ್ದೇ ಹೊಸ ಶಾಲೆ ಎಂದು. ಅದಕ್ಕೂ ಮೊದಲಿನ ಮೂರು ವರ್ಷ ಪಾಠ ನಡೆದಿಲ್ಲ ಎಂದು ಆಗಿನವರು ಬರೆದುಕೊಟ್ಟಿದ್ದಾರೆ. ಈಗ ಪ್ರೌಢಶಾಲೆಗೆ ಹೊಸ ಕಟ್ಟಡದ ಅರ್ಜಿ ಸರ್ಕಾರದ ಮುಂದಿದೆ. ಪರವಾನಗಿ ಇಲ್ಲದೆ ಶಾಲೆ ನಡೆದಿತ್ತು ಎಂದು ಶಾಲೆಯೇ ಪುಸ್ತಕದಲ್ಲಿ ಅಚ್ಚು ಹಾಕಿದರೆ ಅರ್ಜಿ ಬಿದ್ದುಹೋಗಬಹುದು. "ಇನ್ನೂರು ಮಕ್ಕಳಿದ್ದಾರೆ ಅಂಕಲ್. ಅವರಿಗೆ ಹತ್ತನೇ ತರಗತಿ ಬೇಕಲ್ವಾ?"

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಅದೇ ನನ್ನನ್ನು ಇನ್ನೂ ರೇಗಿಸಿತು. ಇಪ್ಪತ್ತೇಳು ವರ್ಷದ ಹಿಂದಿನ ಕಾರಿನ ಜಾಗಕ್ಕೆ ಯಾವ ಅಧಿಕಾರಿ ಈಗ ದಂಡ ಹಾಕುತ್ತಾನೆ ಎಂದು ಕೇಳಿದೆ. ಹಾಕಲಿಕ್ಕಿಲ್ಲ, ಆದರೆ ಕೇಳಿ ನೋಡುವ ಧೈರ್ಯ ಮಂಡಳಿಗೆ ಇಲ್ಲ ಎಂದ. ಕೇಳದೆಯೇ ಹೆದರಿದ್ದೀರಿ ಎಂದೆ. ಹೌದು ಎಂದ.

ಹೆಂಡತಿ ಎಡಗೈಯಲ್ಲಿ ತಟ್ಟೆ ತಂದಿಟ್ಟಳು. ಮಾರ್ಕೆಟ್ಟಿನ ತಮಿಳು ಅಂಗಡಿಯ ಮುರುಕ್ಕು. ಅವನು ತಿಂದ. ಮತ್ತೆ ಬಡಿಸಹೋದಾಗ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕು, ಫ್ರಾವ್ ವಾಸಂತಿ, ಸಾಕು" ಎಂದ. ಕನ್ನಡದ ಸಾಕು. ಆ ಏಳು ಜನರೂ ಇಲ್ಲಿ ಕಲಿತ ಪದ. ತಟ್ಟೆ ಮುಂದೆ ಬಂದರೆ ಈಗಲೂ ಅದೇ ಬಾಯಿಗೆ ಬರುತ್ತದೇನೋ.

ಆಮೇಲೆ ಅವಳು ನಿಧಾನವಾಗಿ ಅವನಿಗೆ ಏನೋ ಹೇಳಿದಳು. ಬಹಳ ಅಲ್ಲ, ನಾಲ್ಕೈದು ಮಾತು. ಅವನು ಎದ್ದ. ಹೋಗುವಾಗ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಲು ಹೊರಟಿದ್ದ.

ಸೆಪ್ಟೆಂಬರ್ 28

ನಿನ್ನೆ ಆಂಡ್ರಿಯಾಸನಿಗೆ ನೀನು ಏನು ಹೇಳಿದೆ ಎಂದು ಬೆಳಿಗ್ಗೆ ಕೇಳಿದೆ. ವಾಸಂತಿಯ ಕೂದಲು ಬಾಚಿ ಜಡೆ ಹಾಕುತ್ತಿದ್ದೆ, ಒಂದು ಕೈಯಲ್ಲಿ ಅವಳಿಗೆ ಆಗುವುದಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಹೇಳಿದಳು.

"ಶಾಲೆ ಮುಚ್ಚಿತ್ತು ಅಂತ ಬರೆದಿದ್ದಾನಲ್ಲ, ಅದು ನಂಗೆ ಅಷ್ಟು ನೋವಾಗಲಿಲ್ಲ. ಎಲ್ಲ ಕುಟುಂಬಗಳೂ ಹೋದವು ಅಂದನಲ್ಲ, ಅದು. ನಿಮ್ಮಪ್ಪ ಹೋದರು, ನೀನು ಹೋಗಲಿಲ್ಲ, ನಿಮ್ಮಮ್ಮ ಹೋಗಲಿಲ್ಲ, ನೀನು ಇಲ್ಲೇ ಕೂತಿದ್ದೆ, ಅಂದೆ. ನಿನ್ನನ್ನೇ ನೀನು ಹೇಗೆ ಅಳಿಸಿದೆ, ಅಂದೆ."

"ಅವನು ಏನಂದ?"

"ಎದ್ದು ಹೋದ, ನೋಡಿದ್ರಲ್ಲ. ಜಡೆ ಬಿಗಿ ಆಯ್ತು, ಸ್ವಲ್ಪ ಸಡಿಲ ಮಾಡಿ."

ಆಂಡ್ರಿಯಾಸನ ಅಪ್ಪ ಆ ಜೂನಿನಲ್ಲಿ ಹೋದವನು ತಿರುಗಿ ಬರಲಿಲ್ಲ. ಮಗು ಮೊದಲ ತಿಂಗಳೆಲ್ಲ ಗೇಟಿನ ಹತ್ತಿರವೇ ಕೂರುತ್ತಿತ್ತು. ಅದನ್ನು ನಾನು ನೋಡಿದ್ದೇನೆ. ಆರು ಪುಟದ ಪತ್ರದಲ್ಲಿ ಅದು ಎಲ್ಲೂ ಬಂದಿಲ್ಲ.

ಮೂರನೇ ಪತ್ರ ಅರ್ಧಕ್ಕೆ ನಿಲ್ಲಿಸಿದೆ.

ಅಕ್ಟೋಬರ್ 8, ಬುಧವಾರ

ಚೀನೀಯರ ಹಬ್ಬ ಸೋಮವಾರ ಮುಗಿಯಿತು. ಇಂದು ವಾಸಂತಿ ಅಂಗಡಿಗೆ ಕರೆದುಕೊಂಡು ಹೋಗಿ ಎಂದಳು. ಮೀನಿನ ಆಕಾರದ ಕೆಂಪು ದೀಪ ಕೊಂಡಳು. ಮೆರವಣಿಗೆಯೇ ಬರುವುದಿಲ್ಲ, ದೀಪ ಯಾಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅಕ್ಕಿಹಿಟ್ಟನ್ನೂ ಕೊಂಡೆವು.

ಮಧ್ಯಾಹ್ನದಿಂದ ಅಡುಗೆಮನೆ. ಅವಳ ಪ್ಲಾಸ್ಟರ್ ಬಿಚ್ಚಿದ್ದಾರೆ, ಆದರೆ ಬೆರಳಿನಲ್ಲಿ ಬಲವಿಲ್ಲ. ಅವಳು ಸ್ಟೂಲಿನ ಮೇಲೆ, ನಾನು ಹಿಟ್ಟಿನಲ್ಲಿ.

"ಹೊಸೆಯೋದು ಮೆತ್ತಗೆ. ಅದೇನು ಕರುಳು ಹಿಡಿದ ಹಾಗೆ ಹಿಡೀತೀರಿ."

"ಮೂವತ್ತು ವರ್ಷ ಹಿಡಿದಿದ್ದು ಅದನ್ನೇ."

"ತುದಿ ಎರಡೂ ಸೇರಬೇಕು. ಇಲ್ಲ ಅಂದ್ರೆ ಎಣ್ಣೇಲಿ ಬಿಚ್ಚಿಕೊಳ್ಳುತ್ತೆ."

ಮೊದಲನೇ ಒಬ್ಬೆಯವು ಬಿಚ್ಚಿಕೊಂಡು ಕಡ್ಡಿಗಳಾದವು. ಅಷ್ಟರಲ್ಲಿ ನರಹರಿ ಬಂದ, ಬಾಗಿಲಲ್ಲೇ ನಿಂತು ನನ್ನ ಏಪ್ರನ್ ನೋಡಿದ. "ಶಸ್ತ್ರಚಿಕಿತ್ಸೆ ಯಶಸ್ವಿಯಾ ಡಾಕ್ಟ್ರೇ?" ಎಂದ. ಕಡ್ಡಿಗಳನ್ನೆಲ್ಲ ಅವನೇ ತಿಂದು ಮುಗಿಸಿದ. ಮೂರನೇ ಒಬ್ಬೆ ದುಂಡಗೆ ಬಂತು. ಹೊಸೆಯುತ್ತಾ ವಾಸಂತಿಯ ಹತ್ತಿರ ಆ ದೀಪದ ಹಾಡಿನ ಮಾತುಗಳನ್ನು ಕೇಳಿಕೊಂಡೆ. ಇಷ್ಟು ವರ್ಷ ಟಿ.ವಿ.ಯ ಗಲಾಟೆಯಲ್ಲಿ ಅದರ ಅರ್ಥ ಗೊತ್ತಾಗಿರಲಿಲ್ಲ. ಮನೆಗೆ ಹೋಗುವ ಹಾಡಂತೆ.

ಪತ್ರ ಮುಗಿಸಬೇಕು. ನಾಳೆ.

ಅಕ್ಟೋಬರ್ 10, ಶುಕ್ರವಾರ

ಸಂಜೆ ಕತ್ತಲಾಗುವ ಹೊತ್ತಿಗೆ ವಾಸಂತಿ ಎಂದಿನಂತೆ ಗೇಟಿನ ಹತ್ತಿರ ನಿಂತಳು, ಎಡಗೈಯಲ್ಲಿ ಮೀನಿನ ದೀಪ. ಕೋಡುಬಳೆಯ ಡಬ್ಬಿ ಭಾರ ಎಂದು ನಾನು ಹಿಡಿದೆ. ಬೀದಿ ಖಾಲಿ. ದೂರದ ಮೈದಾನದಿಂದ ಮೈಕಿನ ದನಿ. ಎಷ್ಟು ಹೊತ್ತು ನಿಂತೆವೋ. ಪಕ್ಕದ ಮನೆಯವರು ಕಾರು ತೆಗೆದು, ನಮ್ಮನ್ನು ನೋಡುತ್ತಾ ಹೋದರು.

"ನಡೀರಿ" ಎಂದಳು. "ಅವರು ಬರದಿದ್ರೆ ನಾವು ಹೋಗೋಣ."

ಶಾಲೆಯ ಗೇಟಿನ ಕಾವಲುಗಾರ ಸಂದರ್ಶಕರ ಚೀಟಿ ಬೇಕೆಂದ. ಅವಳು ಹದಿಮೂರು ವರ್ಷ ದಿನಾ ದಾಟಿದ ಗೇಟು. ನಾನು ಬಾಯಿ ತೆರೆಯುವಷ್ಟರಲ್ಲಿ ವಾಸಂತಿ ಅವನ ಕೈಯಲ್ಲಿ ಒಂದು ಕೋಡುಬಳೆ ಇಟ್ಟಳು. ಒಳಗೆ ಬಿಟ್ಟ.

ಮಕ್ಕಳು ದೀಪ ಹಿಡಿದು ಮೈದಾನವನ್ನು ಸುತ್ತುತ್ತಿದ್ದರು. ಹಾಡುತ್ತಿದ್ದರು, ಆದರೆ ಹಾಡಿನಲ್ಲಿ ಜೀವವಿರಲಿಲ್ಲ. ಮತ್ತೆ ಅದೇ ಜಾಗಕ್ಕೆ ಬರುವುದು, ಮತ್ತೆ ಸುತ್ತುವುದು. ನಾವು ಗೋಲು ಕಂಬದ ಹತ್ತಿರ ನಿಂತೆವು. ಸಾಲಿನ ಮುಂದಿದ್ದ ದೊಡ್ಡ ಹುಡುಗಿಯೊಬ್ಬಳು ವಾಸಂತಿಯನ್ನು ನೋಡಿದಳು. ನಿಂತಳು. ಅವಳ ಹಿಂದಿನವರು ನಿಂತರು. ಅವರ ಹಿಂದಿನವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು. ಯಾರೂ ನಿಲ್ಲಿ ಎಂದಿರಲಿಲ್ಲ. ಮೆರವಣಿಗೆ ಪೂರ್ತಿ ನಿಂತುಬಿಟ್ಟಿತು. ಹಾಡನ್ನು ಮೊದಲಿನಿಂದ ಶುರು ಮಾಡಿದರು, ಈ ಸಲ ಗಟ್ಟಿಯಾಗಿ. ನಾನೂ ಎರಡನೇ ಸಾಲಿನಿಂದ ಸೇರಿಕೊಂಡೆ. ಉಚ್ಚಾರಣೆ ಹೇಗಿತ್ತೋ.

ಮೂರನೇ ಪತ್ರವನ್ನೇ ನಿನ್ನೆ ಭಾಷಣವಾಗಿ ಬರೆದಿದ್ದೆ, ಅದು ಜೇಬಿನಲ್ಲಿತ್ತು. ಎರಡು ಕೈಯಲ್ಲೂ ಹಂಚುತ್ತಿದ್ದೆ, ತೆಗೆಯಲು ಆಗಲಿಲ್ಲ. ಹೊಸದಾಗಿ ಬಂದ ಒಬ್ಬ ತಾಯಿ ನಿರ್ದೇಶಕಿಯನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇವರು ಯಾರು? ಮಕ್ಕಳು ಯಾಕೆ ನಿಂತರು?"

"ನೆರೆಮನೆಯವರು" ಎಂದಳು ನಿರ್ದೇಶಕಿ.

ಆಂಡ್ರಿಯಾಸ್ ಎರಡು ಹೆಜ್ಜೆ ಆಚೆ ಮೈಕು ಹಿಡಿದು ನಿಂತಿದ್ದ. ಅವನಿಗೂ ಕೇಳಿಸಿತು. ಮೈಕನ್ನು ಬಾಯಿಯ ತನಕ ತಂದ. ಮತ್ತೆ ಇಳಿಸಿದ. ನಾನು ಡಬ್ಬಿ ಮುಂದೆ ಹಿಡಿದೆ, ಅವನು ಒಂದು ತೆಗೆದುಕೊಂಡ. ಸಾಕು ಎನ್ನಲಿಲ್ಲ.

ಅಕ್ಟೋಬರ್ 11, ಶನಿವಾರ

ನವೆಂಬರ್ ಹದಿನೈದಕ್ಕೆ ಶಾಲೆಯ ಮಹಾಸಭೆ. ನೆರೆಯವರಿಗೂ ಪ್ರವೇಶವಿದೆ, ಅವರದೇ ಸುತ್ತೋಲೆಯಲ್ಲಿ ಬರೆದಿದ್ದಾರೆ. ಅಲ್ಲಿ ಓದಬೇಕಾದುದನ್ನು ಇಂದು ಬರೆದು ವಾಸಂತಿಗೆ ತೋರಿಸಿದೆ. ಅರ್ಧ ಪುಟವಷ್ಟೇ ಆಗಿದೆ. ಯಾಕೋ ಈ ಸಲ ಉದ್ದ ಬರಲಿಲ್ಲ.

ಅವಳು ಓದಿದಳು. "ನನ್ನ ಹೆಸರು ಬೇಡ. ಆ ಮಕ್ಕಳದ್ದು ಹಾಕಿ" ಎಂದಳು. ಅವಳ ಹೆಸರು ಹೊಡೆದುಹಾಕಿದೆ. ಫಲಕದ ಮಾತೂ ಇತ್ತು, ಅದನ್ನೂ. ಅವಳು ಏಳು ಹೆಸರುಗಳನ್ನೂ ಒಂದೇ ಉಸಿರಿಗೆ ಹೇಳಿದಳು, ಹಾಜರಿ ಕರೆಯುವ ದನಿಯಲ್ಲಿ. ಬರೆದುಕೊಂಡೆ. ಆ ಹೆಸರುಗಳ ಕೆಳಗೆ ಉಳಿದದ್ದು ಇಷ್ಟು:

ಲಿಂಡೆನ್ ಶಾಲೆಯ ಆಡಳಿತ ಮಂಡಳಿಗೆ. ಎಲ್ಲ ಕುಟುಂಬಗಳೂ ತಾಯ್ನಾಡಿಗೆ ಮರಳಿದವು ಎಂದು ನಿಮ್ಮ ಪುಸ್ತಕ ಹೇಳುತ್ತದೆ. ಮೆಲಾಕಾವೇ ತಾಯ್ನಾಡಾಗಿದ್ದ ಈ ಏಳು ಮಕ್ಕಳು ಆ ಮೂರು ವರ್ಷ ದಿನಾ ಬೆಳಿಗ್ಗೆ ಚೀಲ ಹೊತ್ತು ಹೋಗುತ್ತಿದ್ದದ್ದು ಎಲ್ಲಿಗೆ? ನಿಮ್ಮ ಮೆರವಣಿಗೆ ಇಪ್ಪತ್ತನಾಲ್ಕು ವರ್ಷ ಹದಿನಾಲ್ಕನೇ ಮನೆಯ ಮುಂದೆ ನಿಂತದ್ದು ಏಕೆ? ಈ ವರ್ಷದ ಮೆರವಣಿಗೆಯ ದಿನ ಮೈದಾನದಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆಯೂ ಇದೇ. ಉತ್ತರ ಗೊತ್ತಿರುವವರು ನಿಮ್ಮಲ್ಲೇ ಒಬ್ಬರಿದ್ದಾರೆ. ಆ ಉತ್ತರ ನನ್ನ ಅಂಚೆ ಡಬ್ಬಿಗೆ ಬೇಡ. ಅವರು ಎದ್ದು ನಿಂತು, ಮೈಕಿನಲ್ಲಿ, ಮಕ್ಕಳ ಮುಂದೆ ಹೇಳಬೇಕು.